ಆಟದ ಮರುದಿನದ ಮಾತು

ಸೌಪರ್ಣಿಕಾ, ವಾರಾಹಿ, ಚಕ್ರಾ, ಖೇಟಾ, ಕುಬ್ಜಾ ಎಂಬ ಐದು ಹೊಳೆಗಳು ಪಂಚಗಂಗಾವಳಿಯೆಂಬ ಒಂದೇ ಹೆಸರಿನಲ್ಲಿ ಕಡಲನ್ನು ಕೂಡುವ ಅಳಿವೆಯ ತೆಂಕಣ ದಡದಲ್ಲಿ, ಒಂದು ಮಗ್ಗುಲಿಗೆ ಹಿನ್ನೀರು ಮತ್ತೊಂದು ಮಗ್ಗುಲಿಗೆ ಅರಬೀ ಸಮುದ್ರ ಇವೆರಡರ ನಡುವೆ ಚಾಚಿಕೊಂಡಿರುವ ಮರಳುನೆಲವೇ ಕುಂದಾಪುರದ ಕೋಡಿ. ಎದುರು ದಡದಲ್ಲಿ ಗಂಗೊಳ್ಳಿಯ ಬಂದರು, ಈಚೆಗೆ ದೀಪಸ್ತಂಭ, ಮೀನುಗಾರರ ಮನೆಗಳು, ತೆಂಗಿನ ತೋಟಗಳು. ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟ ದಿನದಿಂದ, ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗೆ, ಈ ನೆಲದಲ್ಲಿ ಎಲ್ಲಿಂದಲಾದರೂ ಚಂಡೆಯ ಸದ್ದು ಕೇಳಿಬಾರದ ವಾರವಿರುವುದು ಅಪರೂಪ. ಇನ್ನೂ ದಕ್ಷಿಣಕ್ಕೆ, ಬ್ರಹ್ಮಾವರದ ಸೀಮೆಯಲ್ಲಿ, ಸೀತಾ ಮತ್ತು ಸುವರ್ಣಾ ನದಿಗಳು ಸಮುದ್ರವನ್ನು ಸೇರುವಲ್ಲಿ ಕೋಡಿಬೆಂಗ್ರೆ ಇದೆ. ಅದರ ಸಮೀಪದ ಹಂಗಾರಕಟ್ಟೆಯಲ್ಲಿ ಯಕ್ಷಗಾನ ಕಲಾಕೇಂದ್ರವಿದೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಹಟ್ಟಿಯಂಗಡಿ ಎಂದು ದೇವಸ್ಥಾನದ ಹೆಸರು ಹೊತ್ತ ಮೇಳಗಳೂ, ಸಾಲಿಗ್ರಾಮ, ಪೆರ್ಡೂರು ಎಂಬ ಡೇರೆ ಮೇಳಗಳೂ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಈ ಪಟ್ಟಿಯಲ್ಲಿ ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ಆಟವನ್ನು ಆಡುತ್ತ ಬಂದಿವೆ.

ಆಟವನ್ನು ಕುರಿತು ಬರೆದವರು ಬಹಳ ಮಂದಿ. ವೇಷಭೂಷಣವನ್ನೂ ಕುಣಿತವನ್ನೂ ಅರ್ಥಗಾರಿಕೆಯನ್ನೂ ವಿವರಿಸುವ ಗ್ರಂಥಗಳಿಗೆ ಕೊರತೆಯಿಲ್ಲ. ನಾನಿಲ್ಲಿ ಹೇಳಹೊರಟಿರುವುದು ಆಟವನ್ನು ಕೇಳಿದವರ ಸಂಗತಿ, ಅದರಲ್ಲಿಯೂ ಕೇಳಿ ಬಂದ ಮರುದಿನ ಅವರು ಆಡಿಕೊಳ್ಳುವ ಮಾತಿನ ಸಂಗತಿ. ರಾತ್ರಿಯೆಲ್ಲ ಗದ್ದೆಯ ಬಯಲಿನಲ್ಲಿ ಚಾಪೆ ಹಾಸಿಕೊಂಡು, ತಲೆಗೆ ಮಂಜು ತಾಗದಂತೆ ಪಂಚೆಯೊಂದನ್ನು ಸುತ್ತಿಕೊಂಡು ಕುಳಿತವರು, ಬೆಳಗಿನ ಜಾವ ಮಂಗಳದ ಪದ್ಯ ಮುಗಿದೊಡನೆ ಮನೆಗೆ ಹೋಗಿ ಮಲಗುವರೆಂದು ಪರಸ್ಥಳದವರು ಊಹಿಸುವುದು ಸಹಜ. ಅವರು ಮಲಗುವುದಿಲ್ಲ, ಚಾದಂಗಡಿಗೆ ಹೋಗುತ್ತಾರೆ. ‘ಹ್ವಾಯ್, ಪದ್ಯ ಹ್ಯಾಂಗಿತ್ತ್?’ ಎಂಬುದು ಅಲ್ಲಿ ಕೇಳಿಬರುವ ಮೊದಲ ಪ್ರಶ್ನೆ. ವೇಷ ಹೇಗಿತ್ತು ಎಂಬುದು ಅದರ ಅನಂತರ ಬರುವ ಪ್ರಶ್ನೆ. ಈ ಅನುಕ್ರಮವು ಆಕಸ್ಮಿಕವಲ್ಲ. ಮೇಳದ ಪ್ರಧಾನ ಪುರುಷವೇಷಧಾರಿಯನ್ನು ಎರಡನೆಯ ವೇಷವೆಂದು ಕರೆಯುವ ವಾಡಿಕೆ ಇಲ್ಲಿ ಮೊದಲಿನಿಂದ ಇದೆ. ಬಣ್ಣವನ್ನೇ ಹಚ್ಚದ, ಗೆಜ್ಜೆಯನ್ನೇ ಕಟ್ಟದ ಭಾಗವತನೇ ಒಂದನೆಯ ವೇಷವೆಂಬುದು ಅದಕ್ಕೆ ಹಿರಿಯರು ಕೊಡುವ ಸಮಾಧಾನ.

ಭಾಗವತನಿಗೆ ಇಷ್ಟು ಮನ್ನಣೆ ಏಕೆಂಬುದನ್ನು ಆಟ ನೋಡಿ ಬಳಕೆಯಿಲ್ಲದ ಓದುಗರಿಗಾಗಿ ತುಸು ವಿಸ್ತರಿಸಿಯೇ ಹೇಳಬೇಕಾಗಿದೆ. ರಂಗಸ್ಥಳದ ಹಿಂಭಾಗದಲ್ಲಿ ತಾಳ ಹಿಡಿದ ಭಾಗವತ, ಆತನ ಪಕ್ಕದಲ್ಲಿ ಮದ್ದಳೆಯವನು, ಒಂದು ಬದಿಗೆ ಚಂಡೆಯವನು, ಇವರಿಷ್ಟೇ ಹಿಮ್ಮೇಳ. ಮುಂದೆ ಕುಣಿಯುವವರದು ಮುಮ್ಮೇಳ. ಪ್ರಸಂಗವೆಂದರೆ ಪದ್ಯಗಳಲ್ಲಿ ಬರೆದ ಕಥೆ. ಅದು ಭಾಗವತನ ಬಾಯಲ್ಲಿದೆ. ವೇಷಧಾರಿಯು ಆಡುವ ಮಾತು ಮಾತ್ರ ಎಲ್ಲಿಯೂ ಬರೆದಿಟ್ಟದ್ದಲ್ಲ. ಹಾಡಿದ ಪದ್ಯದ ಭಾವವನ್ನು ಹಿಡಿದು ಅಲ್ಲಲ್ಲಿಯೇ ಕಟ್ಟಿಕೊಂಡು ಆಡತಕ್ಕದ್ದು. ಆದುದರಿಂದ ಯಾವ ಪದ್ಯವನ್ನು ಬಿಡಬೇಕು, ಯಾವುದನ್ನು ಎರಡಾವೃತ್ತಿ ಹಾಡಬೇಕು, ಎಲ್ಲಿ ಕುಣಿತಕ್ಕೆ ಎಡೆಗೊಡಬೇಕು, ಅತಿಯಾಗಿ ಬೆಳೆದ ಮಾತನ್ನು ಯಾವ ಕ್ಷಣದಲ್ಲಿ ಮುಂದಿನ ಪದ್ಯ ಎತ್ತಿ ತುಂಡರಿಸಬೇಕು ಎಂಬೆಲ್ಲ ನಿರ್ಣಯಗಳೂ ಆತನವೇ. ನಾಟಕದಲ್ಲಿ ನಿರ್ದೇಶಕನು ತೆರೆ ಏಳುವ ಮುನ್ನವೇ ತನ್ನ ಕೆಲಸ ಮುಗಿಸಿ ಪಕ್ಕಕ್ಕೆ ಸರಿಯುತ್ತಾನೆ. ಇಲ್ಲಿ ಆತನು ರಾತ್ರಿಯಿಡೀ ಎಲ್ಲರ ಕಣ್ಣೆದುರಿಗೆ ನಿರ್ದೇಶಿಸುತ್ತಲೇ ಇರುತ್ತಾನೆ, ಹಾಗೂ ಆತನ ಪ್ರತಿಯೊಂದು ನಿರ್ಣಯವನ್ನೂ ಸಭೆ ಗಮನಿಸುತ್ತಿರುತ್ತದೆ. ಸಂಜೆಯ ಪೂರ್ವರಂಗವನ್ನು ಸಂಗೀತಗಾರನೆಂಬ ಕಿರಿಯ ಭಾಗವತನು ನಡೆಯಿಸಿ, ರಾತ್ರಿ ಬಲಿತ ಮೇಲೆ ಹಿರಿಯ ಭಾಗವತರು ತಾಳ ಹಿಡಿಯುವುದು ಪದ್ಧತಿ. ಆ ಹೊತ್ತಿಗೆ, ಅದುವರೆಗೆ ಚರುಮುರಿಯ ಅಂಗಡಿಯ ಬಳಿ ಅಡ್ಡಾಡುತ್ತಿದ್ದವರೆಲ್ಲ ತಮ್ಮ ಚಾಪೆಗೆ ಮರಳುತ್ತಾರೆ.

ಮರುದಿನದ ಮಾತು ಎಂತಹುದು ಎಂಬುದಕ್ಕೆ ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಪ್ರಸಂಗ ಗದಾಪರ್ವ. ಹದಿನೆಂಟು ದಿನಗಳ ಯುದ್ಧದಲ್ಲಿ ಸರ್ವಸ್ವವನ್ನೂ ನೀಗಿಕೊಂಡ ಕೌರವನು ರಣಭೂಮಿಯಲ್ಲಿ ಒಬ್ಬನೇ ನಡೆದು ಬಂದು ವೈಶಂಪಾಯನ ಸರೋವರವನ್ನು ಹೊಗುವ ಸನ್ನಿವೇಶ. ಇದು ನಡುರಾತ್ರಿ ಕಳೆದು ಬರುವ ಭಾಗ. ಸಭೆಯ ಅರ್ಧದಷ್ಟು ಮಂದಿಗೆ ಜೊಂಪು ಹತ್ತಿರುತ್ತದೆ. ಭಾಗವತನು ಪದ್ಯವನ್ನು ಹಾರಿಸಿ ಎತ್ತದೆ, ಕೆಳಗಿನ ಸ್ಥಾಯಿಯಲ್ಲಿ, ವಿಳಂಬ ಗತಿಯಲ್ಲಿ ತೊಡಗಿ, ಚಂಡೆಯನ್ನು ಕೈಸನ್ನೆಯಿಂದ ತಡೆದು, ಮದ್ದಳೆಯೊಂದನ್ನೇ ಜತೆಗಿಟ್ಟುಕೊಂಡು ಹಾಡುತ್ತಾನೆ. ಕೌರವನ ವೇಷಧಾರಿಯು ಕುಣಿಯುವುದಿಲ್ಲ. ಗದೆಯನ್ನು ನೆಲಕ್ಕೆ ಎಳೆಯುತ್ತ ಒಂದೊಂದೇ ಹೆಜ್ಜೆ ಇಡುತ್ತಾನೆ. ಪದ್ಯದ ಕೊನೆಯ ಅಕ್ಷರವು ಮುಗಿದು, ಮುಕ್ತಾಯದ ನುಡಿತಕ್ಕೆ ಮುನ್ನ ಒಂದು ಅರೆಕ್ಷಣ ಏನೂ ಕೇಳಿಸದ ತೆರಪು ಇರಬೇಕು. ಚಂಡೆಯವನು ಅಲ್ಲಿ ಒಂದು ಪೆಟ್ಟು ಮುಂಚಿತವಾಗಿ ಬಿದ್ದನೆನ್ನಿ, ಬೆಳಿಗ್ಗೆ ಚಾದಂಗಡಿಯಲ್ಲಿ ಆತನಿಗೆ ಕ್ಷಮೆಯಿಲ್ಲ. ‘ಪದ್ಯ ಲಾಯ್ಕಿತ್ತ್ ಮಾರಾಯ್ರೆ, ಚಂಡೆ ಹಾಳ್ ಮಾಡ್ತ್’ ಎಂಬ ಒಂದು ವಾಕ್ಯದಲ್ಲಿ ತೀರ್ಪು ಹೊರಬೀಳುತ್ತದೆ. ಹೀಗೆ ತೀರ್ಪು ಹೇಳಿದವನು ಸಂಗೀತಶಾಸ್ತ್ರ ಓದಿದವನಲ್ಲ. ಮುಂಜಾನೆ ಬಲೆ ಬಿಡಿಸಲು ಹೋಗಬೇಕಾದವನು. ಆದರೆ ಝಂಪೆಯ ಹತ್ತು ಅಕ್ಷರಗಳು ಎಲ್ಲಿ ತೂಗುತ್ತವೆ, ತ್ರಿವುಡೆಯ ಏಳು ಎಲ್ಲಿ ಮಡಚಿಕೊಳ್ಳುತ್ತವೆ ಎಂಬುದನ್ನು ಮೇಜಿನ ಮೇಲೆ ಬೆರಳುಗಳಿಂದ ತಟ್ಟಿ ತೋರಿಸಬಲ್ಲ.

ಈ ತಿಳಿವಳಿಕೆ ಬಂದದ್ದು ಎಲ್ಲಿಂದ ಎಂದು ವಿಚಾರಿಸಿದರೆ ಉತ್ತರವು ನೇರವಾಗಿಲ್ಲ. ಕಲಿಸಿದವರು ಯಾರೂ ಇಲ್ಲವೆಂದರೂ ಸರಿಯೆ, ಊರೆಲ್ಲ ಕಲಿಸಿತೆಂದರೂ ಸರಿಯೆ. ನವರಾತ್ರಿಯ ದಿನಗಳಲ್ಲಿ ಹೂವಿನಕೋಲು ಹಿಡಿದ ಬಾಲಕರು ಭಾಗವತ ಮದ್ದಳೆಯವರೊಡನೆ ಮನೆಮನೆಗೆ ಬಂದು ಪ್ರಸಂಗದ ತುಣುಕೊಂದನ್ನು ಮಾತಾಡಿ ಹೋಗುವ ಪದ್ಧತಿ ಈ ಸೀಮೆಯದು. ಮಳೆಗಾಲದಲ್ಲಿ ವೇಷವಿಲ್ಲದ ತಾಳಮದ್ದಲೆ. ಮಂದಾರ್ತಿಯ ಹರಕೆ ಆಟವನ್ನು ಹಲವು ವರ್ಷಗಳ ಮುಂಗಡವಾಗಿ ಗೊತ್ತುಮಾಡಿಕೊಳ್ಳಬೇಕಾಗುವಷ್ಟು ಬೇಡಿಕೆಯಿರುವುದರಿಂದ, ಒಂದು ಮನೆತನದಲ್ಲಿ ಅಜ್ಜ ಹೇಳಿಕೊಂಡ ಹರಕೆಯು ಮೊಮ್ಮಗನ ಕಾಲಕ್ಕೆ ಆಟವಾಗಿ ಸಲ್ಲುವುದೂ ಉಂಟು. ತಾಯಿಯ ಮಡಿಲಲ್ಲಿ ಮಲಗಿ ಅರೆನಿದ್ರೆಯಲ್ಲಿ ಚಂಡೆಯನ್ನು ಕೇಳಿದ ಮಗು ಹತ್ತು ವರ್ಷದ ಹೊತ್ತಿಗೆ ಒಂದೇ ಪ್ರಸಂಗವನ್ನು ಬೇರೆ ಬೇರೆ ಭಾಗವತರ ಬಾಯಲ್ಲಿ ಕೇಳಿರುತ್ತದೆ. ಹೋಲಿಸದೆ ಇರುವುದು ಅದರಿಂದ ಸಾಧ್ಯವಿಲ್ಲ. ಹೆಂಗಸರ ಗುಂಪಿನ ವಿಮರ್ಶೆಯನ್ನು ಪಂಡಿತರು ಲೆಕ್ಕಕ್ಕೆ ಹಿಡಿಯುವುದು ಕಡಮೆ. ಸ್ತ್ರೀವೇಷದ ದುಃಖದ ಪದ್ಯವು ನಿಜವಾಗಿಯೂ ದುಃಖದ್ದಾಗಿತ್ತೇ, ಅಥವಾ ಭಾಗವತನು ತನ್ನ ಕಂಠವನ್ನು ಮೆರೆಯಿಸಿದ್ದಷ್ಟೆಯೇ ಎಂಬ ವಿಷಯದಲ್ಲಿ ಅವರ ಮಾತೇ ಹೆಚ್ಚು ನಂಬತಕ್ಕದ್ದೆಂದು ನನ್ನ ಅಭಿಪ್ರಾಯ.

ಇಂತಹ ಸಭೆಯಲ್ಲಿ ಪಕ್ಷಗಳು ಹುಟ್ಟದೆ ಇರುವುದುಂಟೆ? ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎಂಬ ಎರಡು ಗ್ರಾಮಗಳ ಹೆಸರಿನಲ್ಲಿ ಬಡಗುತಿಟ್ಟಿನೊಳಗೆ ಎರಡು ಸಂಪ್ರದಾಯಗಳು ಬೆಳೆದು, ಕುಣಿತದ ಗತ್ತು ಯಾರದು ಮೇಲು ಎಂಬ ವಾದವು ತಲೆಮಾರುಗಳಷ್ಟು ಹಳತಾಗಿದೆ. ಹಾಡಿಕೆಯ ವಿಷಯದಲ್ಲಿ ಅಷ್ಟೇ ಬಿಸಿಯಾದ ವಾದವೆಂದರೆ ನಾರಣಪ್ಪ ಉಪ್ಪೂರರನ್ನೂ ಅವರ ಶಿಷ್ಯ ಕಾಳಿಂಗ ನಾವಡರನ್ನೂ ಕುರಿತದ್ದು. ಉಪ್ಪೂರರು ರಂಗದ ಹಿಡಿತಕ್ಕೂ ಸಾಂಪ್ರದಾಯಿಕ ನಡೆಗೂ ಪ್ರಮಾಣವೆನಿಸಿದವರು. 1958ರಲ್ಲಿ ಹುಟ್ಟಿದ ಗುಂಡ್ಮಿಯ ನಾವಡರು ಗುರುವಿನಿಂದ ಪಡೆದ ಬಂಡವಾಳದ ಮೇಲೆ ಹೊಸ ರಾಗಗಳನ್ನೂ ದೀರ್ಘವಾದ ಆಲಾಪನೆಯನ್ನೂ ತಂದು, ಸಾಲಿಗ್ರಾಮ ಮೇಳದ ಡೇರೆಯನ್ನು ತುಂಬಿಸಿದರು. ‘ನಾಗಶ್ರೀ’ಯಂತಹ ಪ್ರಸಂಗವನ್ನು ತಾವೇ ರಚಿಸಿದರು. ಪುರಾಣದ ಆಧಾರವಿಲ್ಲದ ಕಥೆಗೆ ಯಕ್ಷಗಾನದಲ್ಲಿ ಸ್ಥಾನವಿದೆಯೇ ಎಂದು ಕೆಲವರು ಮುನಿದರು. ಪದ್ಯಕ್ಕಾಗಿಯೇ ಟಿಕೇಟು ತೆಗೆದು ಬಂದ ಹರೆಯದವರು ಆ ಮುನಿಸನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1990ರ ಮೇ ತಿಂಗಳಲ್ಲಿ ರಸ್ತೆಯ ಅಪಘಾತವೊಂದರಲ್ಲಿ ಅವರು ತೀರಿಕೊಂಡರು. ಅನಂತರ ಅವರ ಧ್ವನಿಯು ಕ್ಯಾಸೆಟ್ಟುಗಳಲ್ಲಿ ಉಳಿದು, ಬಸ್ಸುಗಳಲ್ಲಿ, ದೋಣಿಗಳಲ್ಲಿ, ಹೋಟೆಲುಗಳ ಗಲ್ಲಾಪೆಟ್ಟಿಗೆಯ ಬಳಿಯಲ್ಲಿ ವರ್ಷಗಟ್ಟಲೆ ಮೊಳಗಿತು. ಇಂದಿಗೂ ಹೊಸ ಭಾಗವತನೊಬ್ಬನು ಉಚ್ಚಸ್ಥಾಯಿಯಲ್ಲಿ ಪದ್ಯ ಎತ್ತಿದರೆ, ‘ನಾವಡರ ಹಾಂಗೆ’ ಎಂಬ ಮಾತು ಪ್ರಶಂಸೆಯಾಗಿಯೂ ಆಕ್ಷೇಪವಾಗಿಯೂ ಒಂದೇ ಉಸಿರಿನಲ್ಲಿ ಬರುತ್ತದೆ. ಗೋಕರ್ಣದ ಕಡೆಯಿಂದ ಬಂದು ಪೆರ್ಡೂರು ಮೇಳದಲ್ಲಿ ಬಹುಕಾಲ ಹಾಡಿ, 2024ರ ಏಪ್ರಿಲಿನಲ್ಲಿ ಅಗಲಿದ ಸುಬ್ರಹ್ಮಣ್ಯ ಧಾರೇಶ್ವರರಿಗೂ ಇದೇ ತೆರನ ಅಭಿಮಾನಿಗಳಿದ್ದರು. ಅವರ ಮೃದುವಾದ ಹಾಡಿಕೆಯನ್ನು ಮೆಚ್ಚಿದವರು ಅದನ್ನು ವಾದಮಾಡಿ ಸಾಧಿಸುವ ಗೋಜಿಗೆ ಹೋಗುತ್ತಿರಲಿಲ್ಲ, ಮುಂದಿನ ಆಟಕ್ಕೆ ಹೋಗುತ್ತಿದ್ದರು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಎಲ್ಲ ವಾದಗಳಿಗೂ ಒಬ್ಬ ಪ್ರತಿವಾದಿ. ‘ಯಕ್ಷಗಾನ ಬಯಲಾಟ’ವೆಂಬ ಅವರ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಳೆದುಹೋಗುತ್ತಿದ್ದ ಹಳೆಯ ರಾಗಗಳನ್ನು ಹುಡುಕಿ ಕಲೆಹಾಕುವುದಕ್ಕೆ ಅವರು ಪಟ್ಟ ಶ್ರಮ ಅಸಾಧಾರಣವಾದುದು. ಅದೇ ಕೈಯಿಂದ ಅವರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ತೆಗೆದುಹಾಕಿ, ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದರು. ಊರಿನ ರಸಿಕರು ಇದನ್ನು ಗೌರವದಿಂದ ಕೇಳಿದರು. ತಮ್ಮ ಮೇಳಗಳಿಗೆ ಮಾತ್ರ ಅಂಟಿಸಿಕೊಳ್ಳಲಿಲ್ಲ. ಸ್ಯಾಕ್ಸೊಫೋನು ಈ ಜಿಲ್ಲೆಗಳ ಮದುವೆಮನೆಗಳಿಗೂ ದೇವಸ್ಥಾನಗಳಿಗೂ ಒಗ್ಗಿದೆ, ರಂಗಸ್ಥಳಕ್ಕೆ ಒಗ್ಗಲಿಲ್ಲ. ಹೊರಗಿನಿಂದ ಬಂದವರಲ್ಲಿ ಅಮೆರಿಕದ ಮಾರ್ತಾ ಆಷ್ಟನ್ ಅವರನ್ನು ಇಲ್ಲಿಯ ಹಿರಿಯರು ಇನ್ನೂ ನೆನೆಯುತ್ತಾರೆ. ಬರಿಯ ನೋಡುಗರಾಗಿ ಉಳಿಯದೆ ಹೆಜ್ಜೆಯನ್ನೂ ಕಲಿತು, ಬ್ರೂಸ್ ಕ್ರಿಸ್ಟಿಯವರ ಜತೆಗೂಡಿ ಅವರು ಇಂಗ್ಲಿಷಿನಲ್ಲಿ ಬರೆದ ಯಕ್ಷಗಾನದ ಪುಸ್ತಕವು 1977ರಲ್ಲಿ ಪ್ರಕಟವಾಯಿತು. ಶತಾಯುಷಿಯಾಗಿ 2020ರಲ್ಲಿ ತೀರಿಕೊಂಡ ಹಿರಿಯಡಕ ಗೋಪಾಲರಾಯರ ಮದ್ದಳೆಯು ಅಂತಹ ಸಂಪರ್ಕದಿಂದಲೇ ಸಮುದ್ರದಾಚೆಗೂ ಕೇಳಿಸಿತು.

ಸಮುದ್ರದಾಚೆಯ ಮಾತು ಬಂದುದರಿಂದ, ಬಡಗಿನ ರಸಿಕನಿಗೆ ದೂರದ ನೆಂಟರಂತೆ ತೋರಬಹುದಾದ ಇನ್ನೊಂದು ಜನಪದ ಸಂಗೀತವನ್ನು ಇಲ್ಲಿ ಹೆಸರಿಸಬಹುದು. ಯೂರೋಪಿನ ಪಡುವಣ ಅಂಚಿನಲ್ಲಿ, ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಹಾಗೂ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯಗಳಲ್ಲಿ, ಕೆಲ್ಟಿಕ್ ಎಂಬ ಒಂದೇ ಹೆಸರಿನಡಿಯಲ್ಲಿ ಗುರುತಿಸಲ್ಪಡುವ ಹಾಡುಗಾರಿಕೆಯೂ ವಾದ್ಯಸಂಗೀತವೂ ಬೆಳೆದುಬಂದಿವೆ. ಅವರೂ ನಮ್ಮಂತೆ ಕಡಲಂಚಿನವರು, ಮೀನು ಹಿಡಿಯುವವರು, ಮಳೆಗೆ ಅಂಜದವರು. ಅವರ ಚೀಲದ ಕೊಳಲುಗಳಲ್ಲಿ ಹಾಡಿನ ಸ್ವರ ಒಂದು ನಳಿಗೆಯಿಂದ ಹೊರಡುತ್ತಿರುವಾಗ, ಬೇರೆ ನಳಿಗೆಗಳು ಎಡೆಬಿಡದೆ ಒಂದೇ ಶ್ರುತಿಯನ್ನು ಹಿಡಿದಿರುತ್ತವೆ. ಹಾರ್ಮೋನಿಯಮ್ಮು ಬರುವುದಕ್ಕೆ ಮುಂಚೆ ನಮ್ಮ ಆಟದಲ್ಲಿಯೂ ಶ್ರುತಿಗಾಗಿ ಸೋರೆಬುರುಡೆಯ ಪುಂಗಿಯನ್ನು ಊದುತ್ತಿದ್ದರೆಂಬುದನ್ನು ನೆನೆದರೆ, ಈ ಏರ್ಪಾಡು ನಮಗೆ ಅಪರಿಚಿತವೆನಿಸುವುದಿಲ್ಲ. ತೋಳಿನಡಿಯ ತಿದಿಯಿಂದ ಗಾಳಿ ತುಂಬಿ ನುಡಿಸುವ ಐರಿಷ್ ಕೊಳಲಿನ ವಾದನಕಲೆಯನ್ನು ಯುನೆಸ್ಕೊ ಸಂಸ್ಥೆಯು 2017ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 1962ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ‘ಚೀಫ್‌ಟನ್ಸ್’ ಎಂಬ ತಂಡವು ಹಳ್ಳಿಯ ಅಡುಗೆಮನೆಗಳಲ್ಲಿ ನುಡಿಸುತ್ತಿದ್ದುದನ್ನು ಜಗತ್ತಿನ ಸಭಾಮಂದಿರಗಳಿಗೆ ಒಯ್ದಿತು. ಬ್ರಿಟನಿಯ ಲೋರಿಯಾಂ ಎಂಬ ಬಂದರುಪಟ್ಟಣದಲ್ಲಿ 1971ರಿಂದ ಕೆಲ್ಟಿಕ್ ಉತ್ಸವವು ನಡೆದುಬಂದಿದೆ. ಅಲ್ಲಿಯೂ ಕಛೇರಿ ಮುಗಿದ ಮೇಲೆ ಕೇಳಿದವರು ಒಟ್ಟಾಗಿ ಕುಳಿತು ಹರಟುತ್ತಾರೆ, ಯಾವ ಹಾಡು ಯಾವ ಊರಿನ ಮಟ್ಟು ಎಂದು ಜಗಳಾಡುತ್ತಾರೆ.

ಆದರೂ ಒಂದು ಭೇದವನ್ನು ಹೇಳದೆ ಬಿಡಲಾಗದು. ಐರ್ಲೆಂಡಿನಲ್ಲಿ ವಾದ್ಯದ ಸಹಾಯವಿಲ್ಲದೆ ಒಬ್ಬನೇ ಹಾಡುವ ಹಳೆಯ ಪದ್ಧತಿಯೊಂದಿದೆ. ಹಾಡುಗಾರನ ಬಳಿ ಕುಳಿತ ಕೇಳುಗನು ಆತನ ಕೈಯನ್ನು ಹಿಡಿದು ಹಾಡಿನ ಲಯಕ್ಕೆ ಮೆಲ್ಲನೆ ಸುತ್ತಿಸುತ್ತಿರುವುದೂ, ಚರಣದ ಕೊನೆಗೆ ಒಂದು ಹುರಿದುಂಬಿಸುವ ಮಾತನ್ನು ಹೇಳುವುದೂ ಅಲ್ಲಿ ಶಿಷ್ಟಾಚಾರ. ನಮ್ಮ ಹರಕೆ ಆಟದ ಸಭೆ ಹಾಗಲ್ಲ. ಡೇರೆಯ ಆಟದಲ್ಲಿ ಸಿಳ್ಳು, ಚಪ್ಪಾಳೆ ಧಾರಾಳವಾಗಿ ಇರುತ್ತವೆ, ನಿಜ; ದೇವರ ಸೇವೆಯೆಂದು ನಡೆಯುವ ಬಯಲಾಟದಲ್ಲಿ ಮಾತ್ರ ಎಂಥ ಪದ್ಯಕ್ಕೂ ಜನ ಬಾಯಿ ಬಿಡುವುದಿಲ್ಲ. ಮೆಚ್ಚುಗೆಯನ್ನು ಬೆಳಗಿನವರೆಗೆ ಒಳಗೆ ಇಟ್ಟುಕೊಂಡಿರುತ್ತಾರೆ. ಹೀಗೆ ತಡೆದಿಟ್ಟ ಮಾತು ಹೊರಬರುವಾಗ ಅದಕ್ಕೊಂದು ತೂಕ ಬಂದಿರುತ್ತದೆ. ಭಾಗವತನು ಆ ಮಾತನ್ನು ಅಲ್ಲಿಯೇ ಕೇಳಲಾರನು, ಅಷ್ಟರಲ್ಲಿ ಮೇಳದ ಲಾರಿ ಮುಂದಿನ ಊರಿಗೆ ಹೊರಟಿರುತ್ತದೆ. ಆದರೂ ಒಂದೆರಡು ದಿನಗಳಲ್ಲಿ ಅದು ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯವರೆಗೆ ತಲಪದೆ ಇರುವುದಿಲ್ಲ. ತಿರುಗಾಟದ ಕಾಲದಲ್ಲಿ ಪದ್ಯವೊಂದು ನವೆಂಬರಿನಲ್ಲಿದ್ದಂತೆ ಮೇ ತಿಂಗಳಿನಲ್ಲಿ ಇರುವುದಿಲ್ಲವೆಂಬುದನ್ನು ಗಮನಿಸಿದವರು ಬಲ್ಲರು. ಅದನ್ನು ತಿದ್ದಿದ ಕೈಗಳಲ್ಲಿ ಭಾಗವತನದು ಒಂದು, ಚಾದಂಗಡಿಯದು ಇನ್ನೊಂದು ಎಂಬುದೇ ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು.

ದೊಂದಿಯ ಬೆಳಕಿನ ಕಾಲದಲ್ಲಿ ಭಾಗವತನ ಕಂಠವು ಯಂತ್ರದ ನೆರವಿಲ್ಲದೆ ಬಯಲಿನ ತುದಿಯನ್ನು ಮುಟ್ಟಬೇಕಾಗಿತ್ತು. ಬಡಗಿನ ಹಾಡಿಕೆಯ ಏರಿದ ಶ್ರುತಿಗೂ ಅಕ್ಷರಗಳನ್ನು ಒತ್ತಿ ಬಿಡಿಸಿ ಹೇಳುವ ಕ್ರಮಕ್ಕೂ ಇದೇ ಕಾರಣವೆಂದು ತೋರುತ್ತದೆ. ಧ್ವನಿವರ್ಧಕ ಬಂದ ಮೇಲೆ ಪಿಸುದನಿಯೂ ಕೊನೆಯ ಸಾಲಿಗೆ ಕೇಳುವಂತಾಯಿತು. ಇದರಿಂದ ಲಾಭವೇ ಹೆಚ್ಚು. ಚಂಡೆಗೂ ಒಂದು ಮೈಕು ಇಟ್ಟು ಎಲ್ಲರ ಕಿವಿ ಕೊರೆಯುವುದನ್ನು ಮಾತ್ರ ನಾನು ಒಪ್ಪಲಾರೆ; ಮೈಲು ದೂರಕ್ಕೆ ಕೇಳಿಸಲೆಂದೇ ಹುಟ್ಟಿದ ವಾದ್ಯಕ್ಕೆ ಆ ಉಪಚಾರದ ಆವಶ್ಯಕತೆಯಿಲ್ಲ. ಇತ್ತೀಚೆಗೆ ಬಳಕೆಗೆ ಬಂದ ಕಾಲಮಿತಿಯ ಆಟವು ಸಂಜೆ ತೊಡಗಿ ನಡುರಾತ್ರಿಯ ಆಸುಪಾಸಿಗೆ ಮುಗಿಯುತ್ತದೆ. ಬೆಳಿಗ್ಗೆ ಕಚೇರಿಗೆ ಹೋಗುವವರಿಗೆ ಅನುಕೂಲ, ಕಲಾವಿದರ ದೇಹಕ್ಕೂ ಹಿತ. ಆದರೆ ವಿಳಂಬದ ಪದ್ಯಗಳೇ ಮೊದಲು ಕತ್ತರಿಗೆ ಸಿಕ್ಕುತ್ತವೆ. ಗದಾಪರ್ವದ ಕೌರವನು ಸರೋವರಕ್ಕೆ ಓಡಿಹೋಗುವಂತಾದರೆ, ಮರುದಿನ ಮಾತಾಡಲು ಉಳಿಯುವುದು ಕೊನೆಯ ಗದಾಯುದ್ಧವೊಂದೇ.

ಮೊಬೈಲಿನ ಸಂಗತಿ ಹೀಗೆ ಸುಲಭವಾಗಿ ತೀರ್ಮಾನವಾಗತಕ್ಕದ್ದಲ್ಲ. ಈಗ ಪದ್ಯ ಎತ್ತಿದೊಡನೆ ಮುಂದಿನ ಸಾಲಿನಲ್ಲಿ ಹತ್ತಾರು ಕೈಗಳು ಮೇಲೇಳುತ್ತವೆ. ಬೆಳಗಾಗುವುದರೊಳಗೆ ಆ ತುಣುಕು ದುಬೈಯಲ್ಲಿರುವ ಬೈಂದೂರಿನವನನ್ನೂ ಮುಂಬಯಿಯ ಹೋಟೆಲಿನಲ್ಲಿರುವ ಗಂಗೊಳ್ಳಿಯವನನ್ನೂ ತಲಪಿರುತ್ತದೆ. ಊರಿನಿಂದ ದೂರವಿದ್ದವನು ಮರುದಿನದ ಹರಟೆಗೆ ಪಾಲುದಾರನಾಗುವುದು ಸಂತೋಷದ ವಿಷಯವೇ. ಹಿಂದೆ ನೆನಪಿನ ಬಲದಿಂದಲೇ ಗೆಲ್ಲಬೇಕಾಗಿದ್ದ ವಾದವನ್ನು ಈಗ ಯಂತ್ರವನ್ನು ತೆರೆದು ತೋರಿಸಿ ಗೆಲ್ಲಬಹುದು. ಉತ್ಪ್ರೇಕ್ಷೆ ಮಾಡುವವರಿಗೆ ಇದರಿಂದ ಬಹಳ ನಷ್ಟವಾಗಿದೆ. ಆದರೆ ತುಣುಕಿನಲ್ಲಿ ಇರುವುದು ಎತ್ತರದ ಸ್ವರ, ಬಿರುಸಿನ ಕುಣಿತ, ಚಪ್ಪಾಳೆ. ಅದಕ್ಕೆ ಹಿಂದಿನ ಮೂರು ಪದ್ಯಗಳಲ್ಲಿ ಭಾಗವತನು ಶ್ರುತಿಯನ್ನೂ ಗತಿಯನ್ನೂ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಕೊಂಡು ಬಂದನೆಂಬುದು ಅದರಲ್ಲಿ ಸಿಕ್ಕುವುದಿಲ್ಲ. ತುಣುಕನ್ನಷ್ಟೆ ಕೇಳಿದವನು ‘ಸ್ವರ ಭಾರೀ’ ಎನ್ನುತ್ತಾನೆ. ಇಡೀ ರಾತ್ರಿ ಕುಳಿತವನು, ಸ್ವರವಿತ್ತು, ಅದನ್ನು ಅಲ್ಲಿ ಖರ್ಚು ಮಾಡಬಾರದಿತ್ತು ಎನ್ನುತ್ತಾನೆ. ಈ ಎರಡನೆಯ ಮಾತನ್ನು ಆಡಬಲ್ಲವರು ಕಡಮೆಯಾಗುತ್ತಿರುವರೆಂಬ ಅಳುಕು ನನಗಿದೆ. ಇಲ್ಲವಾಗಿದ್ದಾರೆಂದು ಹೇಳುವಷ್ಟು ನಿರಾಶೆಯಿಲ್ಲ.

ಮಳೆಗಾಲದಲ್ಲಿ ಬಯಲು ನೀರಿನಲ್ಲಿ ಮುಳುಗಿದಾಗ ಡೇರೆ ಮೇಳಗಳ ಕಲಾವಿದರು ಬೆಂಗಳೂರಿಗೆ ಬಂದು ರವೀಂದ್ರ ಕಲಾಕ್ಷೇತ್ರದಲ್ಲಿ ಆಟ ಆಡುವುದುಂಟು. ರಾಜಧಾನಿಯಲ್ಲಿ ನೆಲೆಸಿದ ಕುಂದಾಪುರದವರು ಆ ರಾತ್ರಿಗಳಿಗಾಗಿ ಕಾದಿರುತ್ತಾರೆ. ಮೆತ್ತನೆಯ ಕುರ್ಚಿ, ತಲೆಯ ಮೇಲೆ ಸೂರು, ಕಾಲ ಬುಡದಲ್ಲಿ ಮರಳಿಲ್ಲ. ಆಟ ಮುಗಿದು ಹೊರಬಿದ್ದವರು ನೇರವಾಗಿ ಬಸ್ಸಿಗೋ ಕಾರಿಗೋ ಹೋಗದೆ ಮೆಟ್ಟಿಲುಗಳ ಬಳಿ ಗುಂಪುಗೂಡುತ್ತಾರೆ, ಬೆಳಿಗ್ಗೆ ಬೇಗನೆ ಏಳಬೇಕೆಂಬುದನ್ನು ಮರೆತು ಪದ್ಯಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ. ವಾರವೆಲ್ಲ ನಗರದ ನುಡಿಯಾಡಿದ ಬಾಯಲ್ಲಿ ಊರಿನ ಮಾತು ತಾನಾಗಿ ಮರಳುತ್ತದೆ. ಭಾಗವತರು ಅಭಿಮನ್ಯುವಿನ ಪದ್ಯವನ್ನು ಬೇರೆ ರಾಗದಲ್ಲಿ ಹಾಡಿದ್ದು ಸರಿಯೆ ತಪ್ಪೆ ಎಂಬ ವಾದ ತೀರದೆ ಕಾವಲುಗಾರನು ಗೇಟು ಮುಚ್ಚಲು ಬಂದಾಗ, ಉಳಿದುದನ್ನು ಮುಂದಿನ ಶನಿವಾರದ ಆಟದಲ್ಲಿ ಕೇಳಿ ನೋಡಿಯೇ ಹೇಳುವುದೆಂದು ಎರಡೂ ಪಕ್ಷದವರು ಒಪ್ಪಿ, ಅಲ್ಲಿಯೇ ಟಿಕೇಟಿನ ವಿಚಾರಕ್ಕೆ ತೊಡಗುತ್ತಾರೆ.